‘ಬಿಸಿಲಿಗೆ ನಿಲ್ಲಿಸಿದರೆ ಬಣ್ಣ ಸೆಟ್ ಆಗುತ್ತದೆ’ ಎಂಬ ಮಾತನ್ನು ನಂಬಬಹುದೇ?

ಪ್ರಶ್ನೆ: ಅಪಘಾತದ ನಂತರ ಬಾಡಿ ಶಾಪ್‌ನಲ್ಲಿ ಕಾರಿನ ಎಡಬದಿಯ ಎರಡು ಬಾಗಿಲುಗಳಿಗೆ ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡಿಸಿದೆ. ಬಾಗಿಲುಗಳ ಬಣ್ಣ ಪಕ್ಕದ ಫೆಂಡರ್‌ಗಿಂತ (ಚಕ್ರದ ಮೇಲಿನ ಭಾಗ) ಗಾಢವಾಗಿ ಕಾಣುತ್ತಿದೆ. ಒಂದೆರಡು ತಿಂಗಳು ಬಿಸಿಲಿನಲ್ಲಿ ಓಡಾಡಿದರೆ ತಾನಾಗಿಯೇ ಸೆಟ್ ಆಗುತ್ತದೆ, ಅಂದರೆ ಪಕ್ಕದ ಬಣ್ಣಕ್ಕೆ ಹೊಂದುತ್ತದೆ ಎಂದು ಶಾಪ್‌ನವರು ಹೇಳುತ್ತಾರೆ. ಕಾಯಬೇಕೇ?

ಉತ್ತರ: ಕಾಯಬೇಡಿ. ಬಣ್ಣ ಸೆಟ್ ಆಗುವುದಿಲ್ಲ. ಇದೇ ಪ್ರಶ್ನೆಗೆ ಈಗಾಗಲೇ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಪ್ರತಿ ಬಾರಿ ಇನ್ನೊಬ್ಬರು ಆ ಮಾತನ್ನು ನಂಬಿ ತಿಂಗಳುಗಟ್ಟಲೆ ಕಾದು, ದೂರು ಕೊಡುವ ಹೊತ್ತು ಮೀರಿದ ಮೇಲೆ ಬರೆಯುತ್ತಾರೆ. ಆದ್ದರಿಂದ ಈ ಬಾರಿ ಕಾರಣವನ್ನು ಬುಡದಿಂದಲೇ ವಿವರಿಸುತ್ತೇನೆ.

ಕಾರಿನ ಮೇಲಿರುವುದು ಒಂದೇ ಬಣ್ಣದ ಪದರವಲ್ಲ. ತುಕ್ಕು ತಡೆಯುವ ಮೊದಲ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಿಜವಾದ ಬಣ್ಣವಿರುವ ಬೇಸ್ ಕೋಟ್, ಕೊನೆಯಲ್ಲಿ ಹೊಳಪು ಕೊಡುವ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕಾರ್ಖಾನೆಯಲ್ಲಿ ಬೇರೇನೂ ಜೋಡಿಸದ ಲೋಹದ ಒಡಲನ್ನು, ಪೇಂಟ್ ಗಟ್ಟಿಯಾಗಲೆಂದು, ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸುತ್ತಾರೆ. ವೈರಿಂಗ್, ಪ್ಲಾಸ್ಟಿಕ್, ಸೀಟುಗಳೆಲ್ಲ ಇರುವ ಕಾರನ್ನು ಹಾಗೆ ಕಾಯಿಸಲಾಗದ ಕಾರಣ, ದುರಸ್ತಿಯಲ್ಲಿ ಹಾರ್ಡ್‌ನರ್ (ಲೇಪವನ್ನು ಗಟ್ಟಿಯಾಗಿಸುವ ರಾಸಾಯನಿಕ) ಬೆರೆಸಿದ ಕ್ಲಿಯರ್ ಕೋಟ್ ಬಳಸಿ ಬೂತ್‌ನಲ್ಲಿ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಬಣ್ಣವಿರುವ ಬೇಸ್ ಕೋಟ್ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ಆಮೇಲೆ ಅದರ ಮೇಲೆ ಕ್ಲಿಯರ್ ಕೋಟ್ ಬಿದ್ದು ಮುಚ್ಚಿಬಿಡುತ್ತದೆ. ಹಸಿಯಾಗಿದ್ದಾಗ ಒಂದು ಛಾಯೆ, ಒಣಗಿದಾಗ ಇನ್ನೊಂದು ಛಾಯೆ ಕಾಣುವುದು ನಿಜ, ಆದರೆ ಆ ಬದಲಾವಣೆ ಬೂತ್‌ನೊಳಗೇ ಮುಗಿದುಹೋಗಿರುತ್ತದೆ. ಕಾರು ನಿಮ್ಮ ಕೈಗೆ ಬಂದ ದಿನ ಕಂಡ ಬಣ್ಣವೇ ಅದರ ಬಣ್ಣ.

ಹಾಗಾದರೆ ಮುಂದಿನ ವಾರಗಳಲ್ಲಿ ಏನೂ ಆಗುವುದಿಲ್ಲವೇ? ಆಗುತ್ತದೆ, ಆದರೆ ನೀವು ಬಯಸಿದ ದಿಕ್ಕಿನಲ್ಲಲ್ಲ. ಕ್ಲಿಯರ್ ಕೋಟ್‌ನಲ್ಲಿ ಉಳಿದ ದ್ರಾವಕ ನಿಧಾನವಾಗಿ ಹೊರಹೋಗುತ್ತದೆ, ಪದರ ಸ್ವಲ್ಪ ಕುಗ್ಗುತ್ತದೆ, ಮತ್ತು ಹಾಗೆ ಕುಗ್ಗುವಾಗ ಅಡಿಯಲ್ಲಿ ಅವಸರದಿಂದ ಮಾಡಿದ ಕೆಲಸವೆಲ್ಲ ಮೇಲೆ ಮೂಡುತ್ತದೆ. ಒರಟು ಉಜ್ಜುಕಾಗದದ ಗೀರುಗಳು, ತಗ್ಗು ತುಂಬುವ ಪುಟ್ಟಿ ಹಚ್ಚಿದ ಜಾಗದ ಅಂಚು, ಅಲ್ಲಲ್ಲಿ ಮಂಕಾದ ಹೊಳಪು ಎಲ್ಲವೂ ಒಂದು ತಿಂಗಳ ನಂತರ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ. ಕಾಲ ಕೆಟ್ಟ ಕೆಲಸವನ್ನು ಬಯಲಿಗೆ ತರುತ್ತದೆಯೇ ಹೊರತು ಮುಚ್ಚುವುದಿಲ್ಲ.

ಈ ನಂಬಿಕೆಗೆ ಬಲ ಬಂದಿರುವುದು, ಹೊಸ ಪೇಂಟ್ ಆದ ಮೇಲೆ ಕೆಲವು ವಾರ ವ್ಯಾಕ್ಸ್ ಹಚ್ಚಬೇಡಿ ಎಂಬ ಸರಿಯಾದ ಸಲಹೆಯಿಂದ ಎಂದು ನನಗನ್ನಿಸುತ್ತದೆ. ಆ ಸಲಹೆ ದ್ರಾವಕ ಹೊರಹೋಗಲು ಅವಕಾಶ ಕೊಡುವುದಕ್ಕಾಗಿ ಇರುವುದು, ಬಣ್ಣ ಹೊಂದುವುದಕ್ಕಾಗಿ ಅಲ್ಲ. ಹಳೆಯ ಫೆಂಡರ್ ಬಿಸಿಲಿಗೆ ಮಾಸಿದಂತೆ ಹೊಸ ಬಾಗಿಲೂ ಮಾಸಿ ಸಮವಾಗುತ್ತದೆ ಎಂದು ವಾದಿಸುವವರಿದ್ದಾರೆ. ಬಾಗಿಲು ಮಾಸುವಷ್ಟು ಕಾಲ ಫೆಂಡರ್ ಕೂಡ ಅದೇ ಬಿಸಿಲಿನಲ್ಲಿ ನಿಂತಿರುತ್ತದೆ ಎಂಬುದನ್ನು ಅವರು ಯೋಚಿಸುವುದೇ ಇಲ್ಲ. ಇನ್ನು ‘ಪಾಲಿಶ್ ಹೊಡೆದರೆ ಸರಿಹೋಗುತ್ತದೆ’ ಎಂಬ ಮಾತು. ಪಾಲಿಶ್ ಕೆಲಸ ಮಾಡುವುದು ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿ ಮಾತ್ರ. ಕೂತ ಧೂಳಿನ ಕಣ, ಸಣ್ಣ ಸೋರುಗೆರೆ, ಕಿತ್ತಳೆ ಸಿಪ್ಪೆಯಂಥ ಒರಟು ಇವು ಅದರಿಂದ ಹೋಗಬಹುದು, ಆದರೆ ಕೆಳಗಿನ ಬಣ್ಣವನ್ನು ಅದು ಮುಟ್ಟುವುದೂ ಇಲ್ಲ.

ಬಣ್ಣ ಹೊಂದದಿರಲು ನಿಜವಾದ ಕಾರಣ ಬೇರೆ. ಒಂದೇ ಪೇಂಟ್ ಕೋಡ್‌ಗೆ (ಕಾರಿನ ಬಣ್ಣಕ್ಕೆ ತಯಾರಕರು ಕೊಟ್ಟ ಸಂಕೇತ) ಸ್ವಲ್ಪ ಸ್ವಲ್ಪ ಭಿನ್ನವಾದ ಹಲವು ಛಾಯೆಗಳಿರುತ್ತವೆ. ಮೆಟಾಲಿಕ್ ಬಣ್ಣದಲ್ಲಂತೂ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗುತ್ತವೆ ಎಂಬುದು ಸ್ಪ್ರೇ ಗನ್ನಿನ ಒತ್ತಡ, ದೂರ ಮತ್ತು ಥಿನ್ನರ್ ಆರುವ ವೇಗವನ್ನು ಅವಲಂಬಿಸಿರುವುದರಿಂದ, ಎದುರಿನಿಂದ ಸರಿಯಾಗಿ ಕಂಡ ಬಾಗಿಲು ಓರೆಯಿಂದ ನೋಡಿದಾಗ ಕಪ್ಪಾಗಿ ಕಾಣಬಹುದು. ಕೆಲಸ ಬಲ್ಲ ಪೇಂಟರ್ ಮೊದಲು ಒಂದು ಪರೀಕ್ಷಾ ಕಾರ್ಡಿಗೆ ಬಣ್ಣ ಹೊಡೆದು ಕಾರಿನ ಪಕ್ಕ ಹಿಡಿದು ನೋಡುತ್ತಾನೆ, ಆಮೇಲೆ ಬಣ್ಣವನ್ನು ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಸ್ವಲ್ಪವಾಗಿ ಹರಡಿ ಕರಗಿಸಿ, ಇಡೀ ಪ್ಯಾನೆಲ್‌ಗೆ ಕ್ಲಿಯರ್ ಕೋಟ್ ಕೊಡುತ್ತಾನೆ. ನಿಮ್ಮ ಶಾಪ್ ಈ ಹೆಜ್ಜೆಯನ್ನು ಬಿಟ್ಟಿರುವಂತೆ ಕಾಣುತ್ತದೆ. ‘ಕಂಪನಿ ಪೇಂಟ್‌ನಂತೆ ಬರುವುದಿಲ್ಲ’ ಎಂದು ಅವರು ಹೇಳಿದರೆ ಅದು ಉತ್ತರವಲ್ಲ.

ಈಗ ನೀವು ಮಾಡಬೇಕಾದದ್ದು. ಕಾರನ್ನು ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ಎದುರಿನಿಂದಲೂ ಎರಡು ಓರೆಗಳಿಂದಲೂ ಫೋಟೊ ತೆಗೆಯಿರಿ. ಬಾಗಿಲಿನ ಅಂಚಿನಲ್ಲಿ, ರಬ್ಬರ್ ಬೀಡಿಂಗ್‌ನ ಹಿಂದೆ ಬೆರಳಾಡಿಸಿ, ಟೇಪ್ ಅಂಟಿಸಿದ ಗೆರೆ ತಾಗುತ್ತದೆಯೇ, ಗಾಜಿನ ಮೇಲೆ ಬಣ್ಣದ ಹನಿ ಕೂತಿದೆಯೇ ನೋಡಿ. ಬಾಗಿಲುಗಳ ಸುತ್ತಲಿನ ಸಂದು ಮೇಲಿನಿಂದ ಕೆಳಗೆ ಸಮವಾಗಿದೆಯೇ ಎಂಬುದನ್ನೂ ಗಮನಿಸಿ. ಪೇಂಟ್‌ನ ದಪ್ಪ ಅಳೆಯುವ ಮಾಪಕ ಸಿಕ್ಕರೆ ಇನ್ನೂ ಒಳ್ಳೆಯದು. ಮರುಪೇಂಟ್ ಆದ ಪ್ಯಾನೆಲ್ 200ರಿಂದ 300 ಮೈಕ್ರಾನ್ ತೋರಿಸಿದರೆ ಗಾಬರಿಯಾಗಬೇಕಿಲ್ಲ, ಆದರೆ 1000 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ ಎಂದೇ ಅರ್ಥ. ತೆಳುವಾಗಿ ಹಚ್ಚಿದ ಪುಟ್ಟಿ ತಪ್ಪಲ್ಲ. ತಗ್ಗನ್ನು ಎತ್ತದೆ ಪುಟ್ಟಿಯಿಂದಲೇ ತುಂಬಿದ್ದರೆ ಅದು ಮುಂದೆ ಬಿರುಕು ಬಿಡುತ್ತದೆ, ನೀರು ಹೀರಿದರೆ ಗುಳ್ಳೆ ಏಳುತ್ತದೆ.

ಬಳಿಕ ಯಾವ ಪ್ಯಾನೆಲ್, ಯಾವ ದೋಷ, ಏನು ಸರಿಪಡಿಸಬೇಕು, ಯಾವ ದಿನದೊಳಗೆ ಎಂಬುದನ್ನು ಬರವಣಿಗೆಯಲ್ಲಿ ಕೊಟ್ಟು, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ವಿಮೆಯ ಕೆಲಸವಾಗಿದ್ದರೆ ವಿಮಾ ಕಂಪನಿಗೂ ಅದೇ ದಿನ ತಿಳಿಸಿ. ಕೆಲಸ ಸರಿಯಾಗಿದೆ ಎಂದು ಒಪ್ಪುವ ತೃಪ್ತಿ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲದಿದ್ದರೆ ಹಾಕಬೇಡಿ, ಹಾಕಲೇಬೇಕಾಗಿ ಬಂದರೆ ದೋಷಗಳನ್ನು ನಿಮ್ಮ ಕೈಯಿಂದಲೇ ಅದರ ಮೇಲೆ ಬರೆದು ದಿನಾಂಕ ಹಾಕಿ. ಸಿಟ್ಟಿನಲ್ಲಿ ತಕ್ಷಣ ಬೇರೆ ಶಾಪ್‌ಗೆ ಕೊಟ್ಟು ಉಜ್ಜಿಸಿದರೆ ಮೊದಲಿನವರ ತಪ್ಪಿಗೆ ಇರುವ ಸಾಕ್ಷಿಯೇ ಅಳಿಸಿಹೋಗುತ್ತದೆ. ಆದ್ದರಿಂದ ಅವರಿಗೆ ಸರಿಪಡಿಸಲು ಒಂದು ಅವಕಾಶ ಕೊಡಿ, ಅವರು ಒಪ್ಪದಿದ್ದರೆ ಸಂಬಂಧವಿಲ್ಲದ ತಜ್ಞರೊಬ್ಬರಿಂದ ಲಿಖಿತ ವರದಿ ಪಡೆದ ನಂತರವೇ ಮುಂದಿನ ಹೆಜ್ಜೆ ಇಡಿ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಓದಿ ಕಾರನ್ನು ಪರೀಕ್ಷಿಸಲು ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಂಪರ್. ಎಂದೂ ಪೆಟ್ಟು ತಿನ್ನದ ಹೊಸ ಕಾರಿನಲ್ಲೂ ಬಂಪರ್‌ನ ಬಣ್ಣ ಫೆಂಡರ್‌ಗಿಂತ ಕೂದಲೆಳೆಯಷ್ಟು ಬೇರೆಯಾಗಿರಬಹುದು. ಪ್ಲಾಸ್ಟಿಕ್ ಬಂಪರ್ ಲೋಹದ ಒಡಲಿನ ಶಾಖವನ್ನು ತಾಳದ ಕಾರಣ, ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕವಾಗಿ, ಕಡಿಮೆ ಶಾಖದಲ್ಲಿ, ಬಾಗುವ ಗುಣವುಳ್ಳ ಪೇಂಟ್ ಹೊಡೆಯುತ್ತಾರೆ. ಅದನ್ನು ಶಾಪ್‌ನ ತಪ್ಪೆಂದು ಬರೆದರೆ ನಿಮ್ಮ ಉಳಿದ ದೂರಿನ ತೂಕವೂ ಕಡಿಮೆಯಾಗುತ್ತದೆ. ಬಂಪರ್‌ನ ಹಿಂದೆ ರಾಡಾರ್ ಸಂವೇದಕ (ಸುತ್ತಲಿನ ವಾಹನ, ಅಡೆತಡೆಗಳನ್ನು ಗ್ರಹಿಸುವ ಸಾಧನ) ಇರುವ ಕಾರುಗಳಲ್ಲಿ ಮಾತ್ರ ಬೇರೆ ಎಚ್ಚರ ಬೇಕು: ಅದರ ಎದುರಿನ ಜಾಗಕ್ಕೆ ಪುಟ್ಟಿ ತುಂಬಿದರೆ ಅಥವಾ ಪದರದ ಮೇಲೆ ಪದರ ಪೇಂಟ್ ಹೊಡೆದರೆ ಸಂವೇದಕ ದಾರಿಯನ್ನು ಸರಿಯಾಗಿ ಗ್ರಹಿಸದೆ ಹೋಗಬಹುದು. ಆದ್ದರಿಂದ ಬಂಪರ್ ದುರಸ್ತಿಗೆ ಕೊಡುವ ಮುನ್ನವೇ, ಕೆಲಸದ ನಂತರ ಸಂವೇದಕದ ಮರುಹೊಂದಾಣಿಕೆ ಮಾಡುತ್ತೀರಾ ಎಂದು ಕೇಳಿ, ಆ ಉತ್ತರವನ್ನು ಅಂದಾಜುಪಟ್ಟಿಯಲ್ಲೇ ಬರೆಸಿಕೊಳ್ಳಿ.