ಗಾಡಿ ನಿಲ್ಲಿಸೋಕೆ ಎಷ್ಟು ಅನುಮಾನ ಸಾಕು?

ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೆ ಮೊದಮೊದಲು ಒಂದು ವಿಷಯ ವಿಚಿತ್ರ ಅನ್ನಿಸುತ್ತದೆ. ಕುಡಿದು ಕಾರು ಓಡಿಸಿದವನು ಸಿಕ್ಕಿಬಿದ್ದಿದ್ದಾನೆ. ಉಸಿರು ಪರೀಕ್ಷೆಯ ಅಂಕಿ ಮಿತಿ ದಾಟಿದೆ. ಆದರೂ ಅವನ ವಕೀಲರು ಎಷ್ಟು ಕುಡಿದಿದ್ದ ಅನ್ನೋ ಮಾತೇ ಎತ್ತುವುದಿಲ್ಲ. ಪೊಲೀಸರು ಗಾಡಿ ಯಾಕೆ ನಿಲ್ಲಿಸಿದರು ಅಂತ ಕೇಳುತ್ತಾರೆ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆಮೇಲೆ ಕಂಡ ಕೆಂಪು ಕಣ್ಣು, ಮೂಗಿಗೆ ಬಡಿದ ವಾಸನೆ, ಯಂತ್ರ ತೋರಿಸಿದ ಅಂಕಿ ಯಾವುದೂ ಸಾಕ್ಷ್ಯವಾಗಿ ಉಳಿಯದೆ ಹೋಗಬಹುದು. ಕೇಸೇ ಬಿದ್ದುಹೋಗಬಹುದು.

ಇದರ ಬೇರು 1791ರಷ್ಟು ಹಳೆಯದು. ಕಾರಣವಿಲ್ಲದೆ ಜನರನ್ನು ತಡೆಯಬಾರದು, ಶೋಧಿಸಬಾರದು ಅನ್ನುವ ಅವರ ಸಂವಿಧಾನದ 4ನೇ ತಿದ್ದುಪಡಿ ಬಂದ ವರ್ಷ ಅದು. ಕಾರು ಬಂತು, ಮದ್ಯ ನಿಷೇಧ ಬಂತು, ಹೋಯ್ತು. 1961ರಲ್ಲಿ, ತಪ್ಪು ದಾರಿಯಲ್ಲಿ ಪಡೆದ ಸಾಕ್ಷ್ಯವನ್ನು ರಾಜ್ಯಗಳ ಕೋರ್ಟುಗಳೂ ಒಪ್ಪಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದ 'ಯಾಕೆ ನಿಲ್ಲಿಸಿದಿರಿ' ಅನ್ನುವ ಪ್ರಶ್ನೆಗೆ ಬೆಲೆ ಬಂತು.

'ಸಕಾರಣ ಅನುಮಾನ' ಅನ್ನುವ ಅಳತೆ ಹುಟ್ಟಿದ್ದು 1968ರ ಟೆರ್ರಿ ಪ್ರಕರಣದಲ್ಲಿ. ಅದರಲ್ಲಿ ಕಾರೂ ಇಲ್ಲ, ಕುಡಿತವೂ ಇಲ್ಲ. ಕ್ಲೀವ್‌ಲ್ಯಾಂಡ್ ನಗರದ ಒಬ್ಬ ಪತ್ತೇದಾರ, 39 ವರ್ಷ ಪೊಲೀಸ್ ಕೆಲಸ ಮಾಡಿದವರು, ಇಬ್ಬರು ಒಂದೇ ಅಂಗಡಿಯ ಕಿಟಕಿಯೊಳಗೆ ಸರದಿಯ ಮೇಲೆ ಮತ್ತೆಮತ್ತೆ ಇಣುಕುವುದನ್ನು ನೋಡಿದರು. ದರೋಡೆಗೆ ಹೊಂಚು ಹಾಕಿದ್ದಾರೆ ಅಂತ ತಡೆದು ಮೈ ತಡವಿದರು. ಪಿಸ್ತೂಲು ಸಿಕ್ಕಿತು. ಬಂಧಿಸಲು ಬೇಕಾಗುವಷ್ಟು ಬಲವಾದ ಕಾರಣ ಇಂಥ ಕಡೆ ಬೇಕಿಲ್ಲ ಎಂದಿತು ಕೋರ್ಟ್. ಆದರೆ ಬರೀ 'ನನಗೆ ಹಾಗನ್ನಿಸಿತು' ಅಂದರೂ ಸಾಲದು. ಇದು ಕಂಡೆ, ಅದು ಕಂಡೆ ಅಂತ ಬಿಡಿಸಿ ಹೇಳಲು ಬರಬೇಕು. ಆ 'ಕಂಡೆ' ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1979ರಲ್ಲಿ ಡೆಲವೇರ್ ರಾಜ್ಯದ ಒಂದು ಪ್ರಕರಣದಲ್ಲಿ ಈ ಅಳತೆ ರಸ್ತೆಗೆ ಗಟ್ಟಿಯಾಗಿ ಇಳಿಯಿತು. ಲೈಸೆನ್ಸ್ ನೋಡೋಣ ಅಂತ ಸುಮ್ನೆ ಒಂದು ಕಾರನ್ನು ಆರಿಸಿ ನಿಲ್ಲಿಸುವಂತಿಲ್ಲ, ಆ ಕಾರಿನ ಮೇಲೆ ಏನಾದರೂ ಅನುಮಾನ ಇರಬೇಕು ಎಂದಿತು ಕೋರ್ಟ್.

ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ, ಕುಡಿದ ಚಾಲಕನಿಂದ ಮಗಳನ್ನು ಕಳೆದುಕೊಂಡ ಒಬ್ಬ ತಾಯಿ 'ಮ್ಯಾಡ್' (ಕುಡಿದು ಓಡಿಸುವವರ ವಿರುದ್ಧ ತಾಯಂದಿರು) ಅನ್ನುವ ಸಂಘಟನೆ ಕಟ್ಟಿದರು. ಗಾಳಿ ಬೀಸುವ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಜನ ನಕ್ಕು ಬಿಡುತ್ತಿದ್ದ ತಪ್ಪು ಕೊಲೆಯ ಸಾಲಿಗೆ ಬಂತು. ಬರಬೇಕಾದದ್ದೇ. ರಕ್ತದಲ್ಲಿ ಮದ್ಯದ ಮಿತಿ ಇಳಿಯುತ್ತಾ 2005ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಶೇಕಡಾ 0.08ಕ್ಕೆ ಬಂತು.

ಜೊತೆಗೆ ನಾಕಾಬಂದಿಯೂ ಬಂತು. ಮಿಷಿಗನ್ ರಾಜ್ಯದ ಸ್ಯಾಗಿನಾ ಕೌಂಟಿಯಲ್ಲಿ 75 ನಿಮಿಷದಲ್ಲಿ 126 ಗಾಡಿ ತಡೆದರು. ಒಂದೊಂದಕ್ಕೆ ಸರಾಸರಿ 25 ಸೆಕೆಂಡು. ಸಿಕ್ಕವರು ಇಬ್ಬರು. 1990ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಒಬ್ಬನನ್ನು ಆರಿಸಿ ತಡೆದರೆ ತಪ್ಪು, ಎಲ್ಲರನ್ನೂ ತಡೆದರೆ ತಪ್ಪಿಲ್ಲ ಅಂದಹಾಗಾಯಿತು. ತಮಾಷೆ ಅಂದರೆ, ಆ ಮಿಷಿಗನ್ ರಾಜ್ಯದ ಕೋರ್ಟೇ 1993ರಲ್ಲಿ, ನಮ್ಮ ರಾಜ್ಯದ ಸಂವಿಧಾನದ ಪ್ರಕಾರ ಇದು ನಡೆಯುವುದಿಲ್ಲ ಎಂದುಬಿಟ್ಟಿತು.

ನಾಕಾಬಂದಿ ಇಲ್ಲದ ಕಡೆ ಪೊಲೀಸರಿಗೆ ಕಣ್ಣೇ ಗತಿ. ಅವರ ಕೈಗೆ ಸರ್ಕಾರ 24 ಲಕ್ಷಣಗಳ ಪಟ್ಟಿ ಕೊಟ್ಟಿದೆ. ಲೇನಿನೊಳಗೆ ಓಲಾಡುವುದು, ತಿರುವಿನಲ್ಲಿ ತೀರಾ ಅಗಲಕ್ಕೆ ಹೋಗುವುದು, ಹಸಿರು ದೀಪ ಬಂದರೂ ಕದಲದೆ ಇರುವುದು, ಹೀಗೆ. ಗೆರೆಯನ್ನು ಒಂದೇ ಒಂದು ಸಲ ಮುಟ್ಟಿದರೆ ಸಾಕೇ? ಒಂದು ರಾಜ್ಯದ ಕೋರ್ಟ್ ಸಾಕು ಅನ್ನುತ್ತದೆ, ಇನ್ನೊಂದು ಸಾಲದು ಅನ್ನುತ್ತದೆ. ರೇಡಿಯೋ ಚಾನೆಲ್ ಬದಲಿಸುವಾಗ ಯಾರ ಕಾರು ತಾನೇ ಒಮ್ಮೆ ವಾಲಿಲ್ಲ, ಅಲ್ವಾ?

ಕಥೆ ನಿಜವಾಗಿ ಸಿಕ್ಕಾಗಿದ್ದು ಫೋನ್ ಕರೆಗಳಿಂದ. ಪೊಲೀಸರು ಏನೂ ಕಂಡಿಲ್ಲ, ಬೇರೆ ಯಾರೋ ಕಂಡು ಹೇಳಿದ್ದಾರೆ. ಅದು ಸಾಕೇ? 2000ದಲ್ಲಿ ಮಯಾಮಿಯ ಬಸ್‌ಸ್ಟಾಪಿನಲ್ಲಿ ನಿಂತ ಹುಡುಗನ ಹತ್ತಿರ ಬಂದೂಕಿದೆ ಅಂತ ಹೆಸರು ಹೇಳದ ಕರೆ ಬಂದ ಪ್ರಕರಣದಲ್ಲಿ, ಸಾಲದು ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಬಂದೂಕು ನಿಜವಾಗಿಯೂ ಸಿಕ್ಕಿತ್ತು ಅನ್ನೋದು ಬೇರೆ ಮಾತು. ಕುಡಿದ ಚಾಲಕನಿಗೂ ಇದೇ ನಿಯಮವೇ? 2009ರಲ್ಲಿ ವರ್ಜೀನಿಯಾದಿಂದ ಅಂಥದ್ದೇ ಕೇಸು ಬಂದಾಗ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬೇಸರದಿಂದ ಭಿನ್ನಮತ ಬರೆದರು. ಪೊಲೀಸರ ಕಣ್ಣೆದುರೇ ಗಾಡಿ ಓಲಾಡುವವರೆಗೆ ಕಾಯಬೇಕೆಂದರೆ, ಕುಡುಕನಿಗೆ ಒಂದು ಸಲ ಓಲಾಡಲು ಪುಕ್ಕಟೆ ಅವಕಾಶ ಕೊಟ್ಟಂತೆ ಎಂಬುದು ಅವರ ವಾದ. ನ್ಯಾಯಮೂರ್ತಿ ಸ್ಕಾಲಿಯಾ ಅದಕ್ಕೆ ದನಿಗೂಡಿಸಿದರು.

ಉತ್ತರ ಬಂದದ್ದು 2014ರಲ್ಲಿ, ನವರೆಟ್ ಪ್ರಕರಣದಲ್ಲಿ. ಘಟನೆ 2008ರ ಆಗಸ್ಟಿನದು, ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯದು. ಬೆಳ್ಳಿ ಬಣ್ಣದ ಫೋರ್ಡ್ ಪಿಕಪ್ ಒಂದು ತನ್ನನ್ನು ರಸ್ತೆಯಿಂದಾಚೆ ತಳ್ಳಿತು ಅಂತ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಒಂದು ಕರೆ. ಸುಮಾರು ಹದಿನೈದು ನಿಮಿಷದಲ್ಲಿ ಪೊಲೀಸರಿಗೆ ಆ ಗಾಡಿ ಸಿಕ್ಕಿತು. ಐದು ನಿಮಿಷ ಹಿಂದೆಯೇ ಹೋದರು. ಗಾಡಿ ಸರಿಯಾಗೇ ಹೋಗುತ್ತಿತ್ತು. ಆದರೂ ನಿಲ್ಲಿಸಿದರು.

ಸರಿ ಎಂದರು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು. ರಸ್ತೆಯಿಂದಾಚೆ ತಳ್ಳಿದ್ದು ಕುಡಿತದ ಲಕ್ಷಣ, ಹೇಳಿದವರು ಕಣ್ಣಾರೆ ಕಂಡವರು, 911 ಕರೆಯ ಮೂಲ ಪತ್ತೆಹಚ್ಚಬಹುದು, ಹಾಗಾಗಿ ಸುಳ್ಳು ಹೇಳುವವರು ಹೆದರುತ್ತಾರೆ ಎಂದು ನ್ಯಾಯಮೂರ್ತಿ ಥಾಮಸ್ ಬರೆದರು. ಐದು ನಿಮಿಷ ನೆಟ್ಟಗೆ ಓಡಿಸಿದ್ದಕ್ಕೆ? ಪೊಲೀಸರನ್ನು ನೋಡಿದರೆ ಯಾರಾದರೂ ಹುಷಾರಾಗುತ್ತಾರೆ ಎಂದರು. ಅಂದರೆ ಓಲಾಡಿದರೂ ಅನುಮಾನ, ಓಲಾಡದಿದ್ದರೂ ಅನುಮಾನ. ನಾಲ್ವರು ಒಪ್ಪಲಿಲ್ಲ. ಅವರ ಪರವಾಗಿ ಭಿನ್ನಮತ ಬರೆದವರು ಅದೇ ಸ್ಕಾಲಿಯಾ! ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸಲು ಹೋದದ್ದೂ ಇರಬಹುದಲ್ಲ, ಐದು ನಿಮಿಷ ಕಣ್ಣಾರೆ ಕಂಡದ್ದಕ್ಕೆ ಬೆಲೆಯೇ ಇಲ್ಲವೇ ಎಂದರು. ಓದುತ್ತಾ ಹೋದರೆ ಆ ಪುಟಗಳೇ ಹೆಚ್ಚು ನಂಬುವಂತೆ ಕಾಣುತ್ತವೆ.

ಇನ್ನೆರಡು ಸಂಗತಿ ಇದೆ. ಕರೆ ಮಾಡಿದವರು ನಿಜಕ್ಕೂ ಹೆಸರು ಹೇಳಿದ್ದರು. ಆ ಧ್ವನಿಮುದ್ರಣ ಸಾಕ್ಷ್ಯವಾಗಿ ಕೋರ್ಟಿಗೆ ಬರಲಿಲ್ಲವಾದ್ದರಿಂದ ಅದನ್ನು ಅನಾಮಧೇಯ ಎಂದೇ ಲೆಕ್ಕ ಹಿಡಿದರು. ಇನ್ನೊಂದು, ಆ ಪಿಕಪ್‌ನಲ್ಲಿ ಸಿಕ್ಕಿದ್ದು 30 ಪೌಂಡ್ ಗಾಂಜಾ. ಕೇಸು ಗಾಂಜಾ ಸಾಗಿಸಿದ್ದಕ್ಕೇ ಹೊರತು ಕುಡಿದು ಓಡಿಸಿದ್ದಕ್ಕಲ್ಲ. ಈಗ ಕುಡುಕರ ಕೇಸುಗಳಲ್ಲಿ ಸರ್ಕಾರಿ ವಕೀಲರು ಎತ್ತಿ ಹಿಡಿಯುವ ತೀರ್ಪು ಇದೇ.

ಆಮೇಲೆ ಮೆಟ್ಟಿಲು ಇಳಿಯುತ್ತಲೇ ಹೋಯಿತು. ಅದೇ 2014ರಲ್ಲಿ, ಪೊಲೀಸರು ಕಾನೂನನ್ನೇ ತಪ್ಪಾಗಿ ತಿಳಿದು ಗಾಡಿ ನಿಲ್ಲಿಸಿದರೂ, ಆ ತಪ್ಪು ಸಹಜವಾದದ್ದಾದರೆ ಸರಿ ಎಂದಾಯಿತು. 2020ರಲ್ಲಿ ಕ್ಯಾನ್ಸಸ್ ಕೇಸು ಬಂತು. ನಂಬರ್ ಪ್ಲೇಟ್ ಕಂಪ್ಯೂಟರಿಗೆ ಹಾಕಿದಾಗ ಮಾಲೀಕನ ಲೈಸೆನ್ಸ್ ರದ್ದಾಗಿದೆ ಅಂತ ಬಂದರೆ, ಓಡಿಸುತ್ತಿರುವವನು ಅವನೇ ಎಂದು ಊಹಿಸಿ ನಿಲ್ಲಿಸಬಹುದು. ಒಳಗೆ ಯಾರಿದ್ದಾರೆ ಅಂತ ಕಾಣಬೇಕಾಗಿಯೂ ಇಲ್ಲ.

ನಮ್ಮಲ್ಲಿ ಮಿತಿ ಇನ್ನೂ ಬಿಗಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಅವರ ಲೆಕ್ಕದಲ್ಲಿ 0.03. ಲೈಸೆನ್ಸ್ ತೋರಿಸಿ ಅನ್ನೋಕೆ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಸಾಕು. ಆದರೆ ಊದಿ ಅನ್ನೋಕೆ ಇರುವ 203ನೇ ಸೆಕ್ಷನ್ ಓದಿ ನೋಡಿ. ಕುಡಿದಿದ್ದಾನೆ ಎಂದು ಅನುಮಾನಿಸಲು ಪೊಲೀಸರಿಗೆ ಸಕಾರಣ ಇರಬೇಕು ಎಂದು ಅಲ್ಲೂ ಬರೆದಿದೆ. ಶನಿವಾರ ರಾತ್ರಿ ಬೆಂಗಳೂರಿನ ಬ್ಯಾರಿಕೇಡ್ ಮುಂದೆ ಗಾಜು ಇಳಿಸುವಾಗ, ಆ ಕಾರಣ ಏನು ಸಾರ್ ಅಂತ ನಾನೂ ಇದುವರೆಗೆ ಕೇಳಿಲ್ಲ.