ಬೀಜ ಬೀಳುವ ಮೊದಲೇ ಬರಬೇಕಾದ ದುಡ್ಡು

ಅಮೆರಿಕದ ಫುಡ್ ಪ್ಯಾಂಟ್ರಿ ಅಂದರೆ ನಮ್ಮ ನ್ಯಾಯಬೆಲೆ ಅಂಗಡಿಯ ಹಾಗಲ್ಲ. ಅದನ್ನು ಸರ್ಕಾರ ನಡೆಸುವುದಿಲ್ಲ. ಒಂದು ಕಾರ್ಡಿಗೆ ಇಷ್ಟು ಕೆಜಿ ಅನ್ನುವ ಹಕ್ಕೂ ಇಲ್ಲ. ಚರ್ಚಿನ ನೆಲಮಾಳಿಗೆಯಲ್ಲೋ, ಕಾಲೇಜಿನ ಖಾಲಿ ಕೋಣೆಯಲ್ಲೋ ಊರಿನವರೇ ಸೇರಿ ನಡೆಸುವ ಜಾಗ ಅದು. ಸಂಬಳ ತಿಂಗಳ ಕೊನೆತನಕ ಸಾಲದವರು ಬಂದು ದಿನಸಿ, ತರಕಾರಿ ಉಚಿತವಾಗಿ ತೆಗೆದುಕೊಂಡು ಹೋಗುತ್ತಾರೆ. ನಮ್ಮೂರಿಂದ ಓದಲು ಬಂದ ಹುಡುಗ ಹುಡುಗಿಯರೂ ಕ್ಯಾಂಪಸ್ ಪ್ಯಾಂಟ್ರಿಗೆ ಹೋಗುತ್ತಾರೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ದಯವಿಟ್ಟು ಹೋಗಿ.

ನಾನು ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಪ್ಯಾಂಟ್ರಿಗಳಿಗಾಗಿ ಅಕ್ಕಪಕ್ಕದ ರೈತರಿಂದ ತರಕಾರಿ ಕೊಳ್ಳುವ ಕೆಲಸ ಮಾಡುತ್ತೇನೆ. ಹಾಗಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ದಾನ ಬರುತ್ತಲ್ವಾ, ಕೊಳ್ಳೋದು ಯಾಕೆ?"

ದಾನ ಬರುತ್ತದೆ. ಆದರೆ ದಾನವಾಗಿ ಬರುವುದು ಬೇರೆಯವರಿಗೆ ಮಿಕ್ಕಿದ್ದು. 1967ರಲ್ಲಿ ಫೀನಿಕ್ಸ್ ನಗರದಲ್ಲಿ ಮೊದಲ ಫುಡ್ ಬ್ಯಾಂಕ್ (ಪ್ಯಾಂಟ್ರಿಗಳಿಗೆ ಆಹಾರ ಒದಗಿಸುವ ದೊಡ್ಡ ಗೋದಾಮು) ಶುರುವಾದದ್ದೇ ಅಂಗಡಿಗಳು ಎಸೆಯುವುದನ್ನು ಉಳಿಸಲು. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಹಂಚಿದ್ದು ತನ್ನ ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಚೀಸ್. ಡಬ್ಬಿ ಊಟ, ಬ್ರೆಡ್ಡು, ಪಾಸ್ತಾ ಸುಲಭವಾಗಿ ಸಿಗುತ್ತವೆ. ತಾಜಾ ತರಕಾರಿಯೂ ಬರುತ್ತದೆ, ಆದರೆ ಯಾವಾಗ? ಆಗಸ್ಟ್‌ನಲ್ಲಿ ಎಲ್ಲರ ಹಿತ್ತಿಲಲ್ಲೂ ಜುಕಿನಿ ಅನ್ನುವ ಸೌತೆಯಂಥ ಕಾಯಿ ಬಿಟ್ಟಾಗ ನಮಗೂ ಜುಕಿನಿಯೇ. ಫೆಬ್ರವರಿಯಲ್ಲಿ ಏನೂ ಇಲ್ಲ. ರೈತನ ಕಡೆಯಿಂದ ನೋಡಿದರೂ, ದಾನ ಕೊಟ್ಟರೆ ತೆರಿಗೆಯಲ್ಲಿ ಒಂದಿಷ್ಟು ವಿನಾಯಿತಿ ಸಿಗಬಹುದು, ಅಷ್ಟೆ. ಡೀಸೆಲ್ಲಿಗೆ, ಕೂಲಿಗೆ ಕೈಯಲ್ಲಿ ಕಾಸು ಬರುವುದಿಲ್ಲ.

ಇಲ್ಲಿ ಗ್ರಾಂಟ್, ಅಂದರೆ ಅರ್ಜಿ ಹಾಕಿ ಪಡೆಯುವ ಸರ್ಕಾರದ ಅನುದಾನ, ಕೆಲಸಕ್ಕೆ ಬರುತ್ತದೆ. ಆದರೆ ಒಂದೊಂದು ಗ್ರಾಂಟಿಗೂ ಒಂದೊಂದು ಕಟ್ಟಳೆ. 2018ರ ಕೃಷಿ ಕಾಯ್ದೆಯಲ್ಲಿ 'ಫಾರ್ಮ್ ಟು ಫುಡ್ ಬ್ಯಾಂಕ್' ಅಂತ ವರ್ಷಕ್ಕೆ 40 ಲಕ್ಷ ಡಾಲರ್ ಇಟ್ಟರು, ಅದೂ ಇಡೀ ದೇಶಕ್ಕೆ. ಕೊಯ್ಲು, ಪ್ಯಾಕಿಂಗ್, ಸಾಗಾಟದ ಖರ್ಚು ಅದರಲ್ಲಿ ಹಾಕಬಹುದು. ಬೆಳೆಯ ಬೆಲೆ ಮಾತ್ರ ಕೊಡುವಂತಿಲ್ಲ, ತರಕಾರಿ ದಾನವಾಗಿಯೇ ಬರಬೇಕು. ನ್ಯೂಯಾರ್ಕ್ ರಾಜ್ಯ 2020ರಲ್ಲಿ ಬೇರೆ ದಾರಿ ಹಿಡಿಯಿತು. ಕೋವಿಡ್‌ನಲ್ಲಿ ಹೋಟೆಲು, ಶಾಲೆಗಳು ಮುಚ್ಚಿ ರೈತರು ಹಾಲನ್ನು ಹೊಲಕ್ಕೆ ಸುರಿಯುತ್ತಿದ್ದಾಗ, 2.5 ಕೋಟಿ ಡಾಲರ್ ಇಟ್ಟು 'ನರಿಶ್ ನ್ಯೂಯಾರ್ಕ್' ಶುರು ಮಾಡಿತು. ಫುಡ್ ಬ್ಯಾಂಕುಗಳು ಆ ದುಡ್ಡಲ್ಲಿ ಅದೇ ರಾಜ್ಯದ ಹಾಲು, ಮೊಸರು, ತರಕಾರಿ ಕೊಂಡವು. ಮರುವರ್ಷ ಅದನ್ನು ಕಾನೂನು ಮಾಡಿ ಕಾಯಂ ಮಾಡಿದರು. ಆ 'ಕಾಯಂ' ಅನ್ನುವುದಕ್ಕೆ ಎಷ್ಟು ಬೆಲೆ ಇದೆ ಅಂತ ಮುಂದೆ ಹೇಳುತ್ತೇನೆ.

ನನ್ನ ಕೆಲಸಕ್ಕೆ ಜಾಸ್ತಿ ಬಲ ಕೊಟ್ಟದ್ದು ಕೇಂದ್ರ ಕೃಷಿ ಇಲಾಖೆಯ 'ಎಲ್‌ಎಫ್‌ಪಿಎ'. ಸ್ಥಳೀಯ ಆಹಾರ ಕೊಳ್ಳಲು ನೆರವು ಅಂತ ಅದರ ಅರ್ಥ. 2021ರ ಡಿಸೆಂಬರ್‌ನಲ್ಲಿ 40 ಕೋಟಿ ಡಾಲರ್ ಘೋಷಿಸಿದರು, ಆಮೇಲೆ ಇನ್ನಷ್ಟು ಸೇರಿಸಿದರು. ಅದೇ ರಾಜ್ಯದೊಳಗೆ ಅಥವಾ 400 ಮೈಲಿ ಒಳಗೆ ಬೆಳೆದದ್ದನ್ನು ಕೊಳ್ಳಬೇಕಿತ್ತು. ಅದುವರೆಗೆ ದೊಡ್ಡ ಮಾರುಕಟ್ಟೆ ಸಿಗದ ಸಣ್ಣ ರೈತರಿಂದ, ಹೊಸದಾಗಿ ಬೇಸಾಯಕ್ಕಿಳಿದವರಿಂದ ಕೊಳ್ಳುವುದಕ್ಕೆ ಒತ್ತು ಇತ್ತು. ದಾನ ಅಲ್ಲ, ವ್ಯಾಪಾರ. ರೈತ ಬಿಲ್ ಕೊಡುತ್ತಿದ್ದ, ನಾವು ದುಡ್ಡು ಕೊಡುತ್ತಿದ್ದೆವು.

ವ್ಯಾಪಾರ ಆದದ್ದರಿಂದಲೇ "ನಮ್ಮ ಜನಕ್ಕೆ ಇದು ಬೇಕು, ಇದು ಬೆಳೆದುಕೊಡಿ" ಅಂತ ಕೇಳುವ ಧೈರ್ಯ ಬಂತು. ಮ್ಯಾಸಚೂಸೆಟ್ಸ್‌ನ ಲ್ಯಾಂಕಾಸ್ಟರ್ ಊರಿನಲ್ಲಿ, ನ್ಯಾಶುವಾ ನದಿ ಪಕ್ಕ, ಫ್ಲ್ಯಾಟ್ಸ್ ಮೆಂಟರ್ ಫಾರ್ಮ್ ಇದೆ. ಆಗ್ನೇಯ ಏಷ್ಯಾ ಮೂಲದ ಮಾಂಗ್ ಜನ, ಆಫ್ರಿಕಾದಿಂದ ಬಂದವರು ತುಂಡು ತುಂಡು ಜಮೀನಿನಲ್ಲಿ ತಮ್ಮೂರಿನ ಸೊಪ್ಪು ತರಕಾರಿ ಬೆಳೆಯುತ್ತಾರೆ. ಪೂರ್ವ ಆಫ್ರಿಕಾದವರು 'ಮ್ಚಿಚಾ' ಅನ್ನುವುದು ನಮ್ಮ ಹರಿವೆ ಸೊಪ್ಪಿನ ಜಾತಿಯೇ. ಇಂಥ ಸೊಪ್ಪು ಪ್ಯಾಂಟ್ರಿಯ ಮೇಜಿಗೆ ಬಂದ ದಿನ ನೋಡಬೇಕು. ಕೀನ್ಯಾದ ಅಜ್ಜಿ, ಹೈಟಿಯ ತಾಯಿ, ನಮ್ಮ ದಾವಣಗೆರೆಯ ವಿದ್ಯಾರ್ಥಿ, ಮೂವರೂ ಒಂದೇ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಅದೇ ದಿನ ನವಿಲುಕೋಸು ಹಾಗೇ ಉಳಿಯಬಹುದು, ಎಷ್ಟೋ ಜನಕ್ಕೆ ಅದೇನೆಂದೇ ಗೊತ್ತಿಲ್ಲ. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಉಪ್ಪು, ನಿಂಬೆರಸ ಹಾಕಿ ಬಾಗಿಲಲ್ಲೇ ರುಚಿ ತೋರಿಸಿದರೆ ಖಾಲಿಯಾಗುತ್ತದೆ. ಈ ಕೆಲಸಕ್ಕೂ ಒಬ್ಬರು ಬೇಕು. ಅವರ ಸಂಬಳಕ್ಕೆ ಗ್ರಾಂಟಿನಲ್ಲಿ ಜಾಗ ಸಿಗುವುದು ಅಪರೂಪ.

ಇನ್ನು ಕೂಲರ್, ಅಂದರೆ ತರಕಾರಿ ತಂಪಾಗಿಡುವ ಕೋಣೆಯ ವಿಷಯ. ತಾಜಾ ತರಕಾರಿಯ ಮಾತಾಡುವವರು ಮೊದಲು ನೋಡಬೇಕಾದ್ದು ಅದನ್ನು. ಎಲೆಕೋಸು, ಕ್ಯಾರೆಟ್‌ಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರದ ತಂಪು, ಜೊತೆಗೆ ತೇವ ಬೇಕು. ಹಾಗಿಟ್ಟರೆ ಅಕ್ಟೋಬರ್ ಕೊಯ್ಲು ಮಾರ್ಚ್ ತನಕ ಬರುತ್ತದೆ. ಬಟರ್‌ನಟ್ ಕುಂಬಳ ಅದೇ ಕೋಣೆಯಲ್ಲಿಟ್ಟರೆ ಚುಕ್ಕೆ ಬಿದ್ದು ಕೊಳೆಯುತ್ತದೆ. ಅದಕ್ಕೆ 10ರಿಂದ 13 ಡಿಗ್ರಿಯ ಒಣ ಜಾಗ ಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಇರುವುದು ಮನೆಯಲ್ಲಿರುವಂಥ ಎರಡು ಫ್ರಿಜ್ಜು. ಒಂದು ಪ್ಯಾಲೆಟ್ (ಮರದ ಹಲಗೆ ಮೇಲೆ ಪೇರಿಸಿದ ಪೆಟ್ಟಿಗೆಗಳ ರಾಶಿ) ಸೊಪ್ಪು ಬಂದರೆ ಇಡುವುದೆಲ್ಲಿ?

ಮ್ಯಾಸಚೂಸೆಟ್ಸ್ 2020ರಲ್ಲಿ ಇದಕ್ಕೇ ಅಂತ 3.6 ಕೋಟಿ ಡಾಲರಿನ ಗ್ರಾಂಟ್ ತಂದಿತು. ಕೂಲರ್, ಫ್ರೀಜರ್, ವ್ಯಾನ್, ರೈತರಿಗೆ ಗ್ರೀನ್‌ಹೌಸ್ ಎಲ್ಲದಕ್ಕೂ ಅರ್ಜಿ ಹಾಕಬಹುದು. ಇಂಥ ದುಡ್ಡನ್ನು ನಾನು ತರಕಾರಿ ಕೊಳ್ಳುವ ದುಡ್ಡಿಗಿಂತ ಒಂದು ಕೈ ಮೇಲೆ ಇಡುತ್ತೇನೆ. ತರಕಾರಿ ವಾರದಲ್ಲಿ ಮುಗಿಯುತ್ತದೆ, ಕೂಲರ್ ಹತ್ತಾರು ವರ್ಷ ಇರುತ್ತದೆ. ಆದರೆ ಕೂಲರಿನ ಬೆಲೆಗೆ ಮಾತ್ರ ಅರ್ಜಿ ಹಾಕಿ ಕೂರಬೇಡಿ. ಹಳೇ ಕಟ್ಟಡದ ವೈರಿಂಗ್ ಆ ಲೋಡ್ ತಡೆಯುತ್ತದಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ಮೊದಲೇ ಕೇಳಿ. ಬಾಗಿಲಿನಲ್ಲಿ ಪ್ಯಾಲೆಟ್ ಹಿಡಿಸುತ್ತದಾ ಅಂತ ಅಳತೆ ಮಾಡಿ. ಪ್ರತಿ ತಿಂಗಳ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಆಡಳಿತ ಮಂಡಳಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ತೊಡಕು, ಸಾಕಷ್ಟು ಗ್ರಾಂಟುಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಬಿಲ್ ಕಳಿಸಿದ ಮೇಲೆ ಸರ್ಕಾರ ಹಿಂದಿರುಗಿಸುತ್ತದೆ. ಬ್ಯಾಂಕಿನಲ್ಲಿ ನಾಲ್ಕೈದು ಸಾವಿರ ಡಾಲರ್ ಇರುವ ಪ್ಯಾಂಟ್ರಿ ಹತ್ತಾರು ಸಾವಿರದ ಕೂಲರ್ ಹೇಗೆ ಕೊಳ್ಳುತ್ತದೆ? ಹೀಗಾಗಿ ಅಗತ್ಯ ಇರುವ ಸಣ್ಣವರು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಬರೆಯಲು ಬೇರೆ ಸಿಬ್ಬಂದಿ ಇಟ್ಟುಕೊಂಡ ದೊಡ್ಡವರಿಗೇ ಮತ್ತೆ ಮತ್ತೆ ಸಿಗುತ್ತದೆ. ಅರ್ಧದಷ್ಟಾದರೂ ಮುಂಗಡ ಕೊಡಿ ಅಂತ ನಾವು ಕೇಳುತ್ತಲೇ ಇದ್ದೇವೆ.

ಈಗ ಆ 'ಕಾಯಂ' ಮಾತಿಗೆ ಬರುತ್ತೇನೆ. ಇಲ್ಲಿನ ರೈತರು ಬೀಜದ ಆರ್ಡರ್ ಹಾಕುವುದು ಜನವರಿಯಲ್ಲಿ. ಹೊರಗೆ ಹಿಮ ಇರುವಾಗಲೇ, ಫೆಬ್ರವರಿ ಕೊನೆಗೆ, ಗ್ರೀನ್‌ಹೌಸ್ ಟ್ರೇಗಳಲ್ಲಿ ಈರುಳ್ಳಿ ಬಿತ್ತುತ್ತಾರೆ. ನಾವು ಕೊಳ್ಳುತ್ತೇವೆ ಅಂತ ಹೇಳಿದ್ದರೆ ಅದನ್ನು ನಂಬಿ ಹೆಚ್ಚು ಬಿತ್ತಿರುತ್ತಾರೆ, ಕೆಲವರು ಸಾಲವನ್ನೂ ಮಾಡಿರುತ್ತಾರೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಕೃಷಿ ಇಲಾಖೆ ಎಲ್‌ಎಫ್‌ಪಿಎಯ ಮುಂದಿನ ಸುತ್ತನ್ನು ರದ್ದು ಮಾಡಿತು. ಶಾಲೆಗಳಿಗೆ ಸ್ಥಳೀಯ ಆಹಾರ ಕೊಡುವ ಯೋಜನೆಯೂ ಸೇರಿ ಸುಮಾರು 100 ಕೋಟಿ ಡಾಲರ್ ಒಟ್ಟಿಗೆ ಹೋಯಿತು. ಅಷ್ಟರಲ್ಲಿ ಈರುಳ್ಳಿ ಸಸಿ ಬೆರಳುದ್ದ ಬಂದಿತ್ತು. ಆ ಸಸಿಗಳನ್ನು ಇಟ್ಟುಕೊಂಡ ರೈತ ಯಾರಿಗೆ ಮಾರಬೇಕು? ದುಡ್ಡು ಇಲ್ಲ ಅಂತಾದರೆ ಡಿಸೆಂಬರ್‌ನಲ್ಲೇ ಹೇಳಬೇಕಿತ್ತು. ಕಡಿಮೆ ಕೊಡುವುದನ್ನು ರೈತರು ತಡೆದುಕೊಳ್ಳುತ್ತಾರೆ. ಕೊಡುತ್ತೇವೆ ಅಂದು ಬಿತ್ತನೆ ಆದ ಮೇಲೆ ಇಲ್ಲ ಅನ್ನುವುದು ಅವರ ಮೇಲೆ ಮಾಡುವ ಅನ್ಯಾಯ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಸರ್ಕಾರದ ಕ್ಯಾಲೆಂಡರೇ ಬೆಳೆಯ ಕ್ಯಾಲೆಂಡರಿಗೆ ಹೊಂದುವುದಿಲ್ಲ. ರಾಜ್ಯದ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಕೇಂದ್ರದ್ದು ಅಕ್ಟೋಬರ್ 1ಕ್ಕೆ, ಅಂದರೆ ಹೊಲದ ಕೆಲಸ ಮುಗಿಯುವ ಹೊತ್ತಿಗೆ.

ಇಲ್ಲಿನ ಕನ್ನಡ ಕೂಟಗಳು ದೀಪಾವಳಿ, ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಡಬ್ಬಿ ಆಹಾರ ಸೇರಿಸಿ ಕೊಡುತ್ತವೆ. ಒಳ್ಳೆಯದೇ. ಆದರೆ ಷರತ್ತಿಲ್ಲದ ನಗದು ಕೊಟ್ಟರೆ, ಅದೂ ಜನವರಿಯಲ್ಲಿ ಕೊಟ್ಟರೆ, ಅದರಿಂದ ಆಗುವ ಕೆಲಸ ಬೇರೆಯೇ. ಲೆಕ್ಕಪತ್ರ ಗೊತ್ತಿರುವವರು ಹತ್ತಿರದ ಪ್ಯಾಂಟ್ರಿಗೆ ಹೋಗಿ, ಕೇಂದ್ರದ ಗ್ರಾಂಟಿಗೆ ಬೇಕಾದ ನೋಂದಣಿ ಮಾಡಿಸಿಕೊಡಿ. ಪ್ರತಿ ವರ್ಷ ನವೀಕರಿಸದೆ ಬಿಟ್ಟು ಅರ್ಜಿ ತಪ್ಪಿಸಿಕೊಂಡ ಪ್ಯಾಂಟ್ರಿಗಳಿವೆ.

ನಾವೀಗ ಖರೀದಿಯನ್ನು ಎರಡು ಭಾಗ ಮಾಡಿದ್ದೇವೆ. ಈರುಳ್ಳಿ, ಕುಂಬಳದಂಥ ಬೇಗ ನಿರ್ಧಾರ ಬೇಡುವ ಬೆಳೆಗೆ ಜನವರಿಯಲ್ಲೇ ದಾನಿಗಳ ದುಡ್ಡಿನಿಂದ ರೈತರ ಜೊತೆ ಒಪ್ಪಂದ. ಗ್ರಾಂಟ್ ದುಡ್ಡನ್ನು ತಡವಾಗಿ ಬಿತ್ತುವ ಬೆಳೆಗೆ ಇಡುತ್ತೇವೆ. ಜೂನ್ ಕೊನೆಗೆ ಮಂಜೂರಾತಿ ಪತ್ರ ಬಂದರೂ ಜುಲೈನ ಕ್ಯಾರೆಟ್ ಬಿತ್ತನೆಗೆ ಹೇಳಬಹುದು. ಆಗಸ್ಟ್‌ನಲ್ಲಿ ಬಂದರೆ ಪಾಲಕ್. ಅಕ್ಟೋಬರ್‌ನಲ್ಲಿ ಬಂದರೆ ರೈತರ ಕೋಲ್ಡ್ ಸ್ಟೋರೇಜಿನಲ್ಲಿ ಆಗಲೇ ಇರುವ ಆಲೂಗಡ್ಡೆ, ಬೀಟ್‌ರೂಟ್, ಸೇಬು.