ಜೆಲ್ ಹರಿಯುತ್ತದೋ, ನಿಂತಿರುತ್ತದೋ?

ತಲೆಗೆ ಹಚ್ಚುವ ಜೆಲ್‌ನ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಗಾಳಿಗುಳ್ಳೆಗಳು ಇದ್ದಲ್ಲೇ ನಿಂತಿರುತ್ತವೆ. ಜೇನುತುಪ್ಪದಲ್ಲಾದರೆ ನಿಧಾನಕ್ಕಾದರೂ ಮೇಲೆ ಬರುತ್ತಿದ್ದವು. ಇಲ್ಲಿ ತಿಂಗಳಾದರೂ ಅಲ್ಲಾಡುವುದಿಲ್ಲ. ಆದರೆ ಬೆರಳಿಟ್ಟು ನೂಕಿದರೆ ಅದೇ ಜೆಲ್ ಸಲೀಸಾಗಿ ಜಾರುತ್ತದೆ. ಹಾಗಾದ್ರೆ ಇದು ಘನವೋ, ದ್ರವವೋ?

1916ರಲ್ಲಿ ಅಮೆರಿಕದ ಯೂಜೀನ್ ಬಿಂಗ್‌ಹ್ಯಾಮ್ ಇಂಥ ವಸ್ತುಗಳಿಗೆ ಒಂದು ಲೆಕ್ಕ ಕೊಟ್ಟರು. ಒಂದು ಮಿತಿಯವರೆಗೆ ಇವು ಬಲವನ್ನು ತಡೆದು ನಿಲ್ಲುತ್ತವೆ, ಮಿತಿ ದಾಟಿದರೆ ಹರಿಯುತ್ತವೆ. ಆ ಮಿತಿಯೇ 'ಯೀಲ್ಡ್ ಸ್ಟ್ರೆಸ್'. ಬ್ರಷ್ಷಿಗೆ ಬಗ್ಗುವ ಬಣ್ಣ ಗೋಡೆ ಮೇಲೆ ಇಳಿಯದೆ ನಿಲ್ಲುವುದೂ ಇದರಿಂದಲೇ. ವಸ್ತುಗಳು ಹರಿಯುವ ಬಗೆಯ ಅಧ್ಯಯನಕ್ಕೆ 'ರಿಯಾಲಜಿ' ಎಂಬ ಹೆಸರಿಟ್ಟವರೂ ಅವರೇ.

ಕಾರ್ಖಾನೆಯವರಿಗೆ ಅಷ್ಟೆಲ್ಲ ತಾಳ್ಮೆ ಎಲ್ಲಿ! 1925ರಲ್ಲಿ ಆಸ್ಕರ್ ಬ್ಲೂಮ್, ಜೆಲ್ಲಿ ಮಿಠಾಯಿಗೆ ಹಾಕುವ ಜೆಲಟಿನ್‌ನ ಗಟ್ಟಿತನ ಅಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. 10 ಡಿಗ್ರಿಯಲ್ಲಿ ರಾತ್ರಿಯಿಡೀ ಗಟ್ಟಿಯಾಗಿಸಿದ ಜೆಲಟಿನ್‌ಗೆ ಅರ್ಧ ಇಂಚು ದಪ್ಪದ ಕಡ್ಡಿ 4 ಮಿಲಿಮೀಟರ್ ಇಳಿಯಲು ಎಷ್ಟು ಗ್ರಾಂ ಭಾರ ಬೇಕು? ಅಷ್ಟೇ ಪ್ರಶ್ನೆ. ಜೆಲಟಿನ್ ಇವತ್ತಿಗೂ 'ಬ್ಲೂಮ್' ಲೆಕ್ಕದಲ್ಲೇ ಮಾರಾಟವಾಗುತ್ತದೆ. ಆದರೆ ಅದು ಗಟ್ಟಿತನ ಹೇಳುತ್ತದೆ, ಹರಿವನ್ನಲ್ಲ.

ಹರಿವು ಬೇಕೆಂದರೆ ರಿಯೋಮೀಟರ್ ಬೇಕು. ಎರಡು ತಟ್ಟೆಗಳ ನಡುವೆ ಚಮಚದಷ್ಟು ಜೆಲ್ ಇಟ್ಟು, ಮೇಲಿನದನ್ನು ತಿರುಗಿಸುತ್ತಾರೆ, ಇಲ್ಲವೇ ಕೂದಲೆಳೆಯಷ್ಟು ಆ ಕಡೆ ಈ ಕಡೆ ತೂಗಿಸುತ್ತಾರೆ. ತೂಗಿದಾಗ ಕೊಟ್ಟ ಶಕ್ತಿಯಲ್ಲಿ ಸ್ಪ್ರಿಂಗ್‌ನಂತೆ ಮರಳಿ ಬರುವ ಪಾಲು ಎಷ್ಟು, ಬಿಸಿಯಾಗಿ ಕಳೆದುಹೋಗುವ ಪಾಲು ಎಷ್ಟು ಅಂತ ತಿಳಿಯುತ್ತದೆ. ನಿಂತ ಜೆಲ್‌ನಲ್ಲಿ ಮೊದಲನೆಯದೇ ಜಾಸ್ತಿ.

ಯಂತ್ರಗಳು ಸೂಕ್ಷ್ಮವಾದಂತೆ ಜಗಳ ಶುರುವಾಯಿತು. ಮಿತಿಗಿಂತ ಕೆಳಗೂ ಜೆಲ್ ಇಷ್ಟಿಷ್ಟೇ ಹರಿಯುತ್ತಿರುವಂತೆ ಕಂಡಿತು. 1985ರಲ್ಲಿ ಬ್ರಿಟನ್ನಿನ ಬಾರ್ನ್ಸ್ ಮತ್ತು ವಾಲ್ಟರ್ಸ್, ಯೀಲ್ಡ್ ಸ್ಟ್ರೆಸ್ ಎಂಬುದು ಕಟ್ಟುಕಥೆ ಇರಬಹುದೇ ಎಂದು ಕೇಳಿಯೇಬಿಟ್ಟರು. ನಿಖರವಾಗಿ ಅಳೆದರೆ ಎಲ್ಲವೂ ಹರಿಯುತ್ತದೆ ಎಂಬುದು ಅವರ ವಾದ.

2009ರಲ್ಲಿ ಡಾನಿಯಲ್ ಬಾನ್ ಮತ್ತು ಜೊತೆಗಾರರು ಹೇರ್ ಜೆಲ್‌ನಂಥವನ್ನೇ ಯಂತ್ರದಲ್ಲಿಟ್ಟು ಗಂಟೆಗಟ್ಟಲೆ ಕಾದರು. ಕಾದಷ್ಟೂ ಸ್ನಿಗ್ಧತೆಯ, ಅಂದರೆ ಹರಿವಿಗೆ ಒಡ್ಡುವ ತಡೆಯ, ಅಂಕಿ ಏರುತ್ತಲೇ ಹೋಯಿತು. ನಿಜಕ್ಕೂ ಹರಿಯುತ್ತಿದ್ದರೆ ಅದು ಒಂದು ಕಡೆ ನಿಲ್ಲಬೇಕಿತ್ತು. ಅಂದರೆ ಅದು ಹರಿವಾಗಿರಲಿಲ್ಲ. ಹಿಂದಿನವರು ಜೆಲ್ ಪೂರ್ತಿ ನಿಲ್ಲುವ ಮೊದಲೇ ಅಂಕಿ ಓದಿಬಿಟ್ಟಿದ್ದರು. ನನಗಂತೂ ಈ ಉತ್ತರವೇ ಸರಿ ಅನಿಸುತ್ತದೆ. ಡಬ್ಬಿಯ ಗುಳ್ಳೆಗಳೂ ಇದನ್ನೇ ಹೇಳುತ್ತವೆ ಅಲ್ವಾ?

ಮೋಸ ಇನ್ನೊಂದಿದೆ. ತಟ್ಟೆ ನುಣುಪಾಗಿದ್ದರೆ ಅಂಚಿನ ತೆಳು ನೀರಿನ ಪದರದ ಮೇಲೆ ಜೆಲ್ ಸುಮ್ನೆ ಇಡಿಯಾಗಿ ಜಾರುತ್ತದೆ. ಯಂತ್ರ ಅದನ್ನೇ ಹರಿವು ಅಂದುಕೊಳ್ಳುತ್ತದೆ. ಅದಕ್ಕೇ ಲಕ್ಷಗಟ್ಟಲೆ ಬೆಲೆಯ ರಿಯೋಮೀಟರ್‌ನ ತಟ್ಟೆಗೆ ಎಷ್ಟೋ ಸಲ ಮರಗೆಲಸದ ಉಪ್ಪುಕಾಗದ ಅಂಟಿಸುತ್ತಾರೆ.